ಲೋಟದೊಳಗಿನ ಲೋಟ

ಸ್ಟೀಲ್ ಲೋಟಗಳನ್ನು ತೊಳೆದು ಒಂದರೊಳಗೊಂದು ಇಡುವಾಗ ಸ್ವಲ್ಪ ಒತ್ತಿಬಿಟ್ಟರೆ ಸಾಕು, ಮಾರನೆಯ ದಿನ ಎಷ್ಟು ಎಳೆದರೂ ಬಿಡುವುದಿಲ್ಲ. ಒಳಗಿನದಕ್ಕೆ ತಣ್ಣೀರು ಹಾಕಿ, ಹೊರಗಿನದನ್ನು ಬಿಸಿನೀರಿನಲ್ಲಿಟ್ಟು ಬಿಡಿಸುವ ಉಪಾಯ ನಮಗೆಲ್ಲ ಗೊತ್ತು. ಅದೇ ಬಾಯಿ ಅಗಲವಾದ ಬಟ್ಟಲುಗಳನ್ನು ಎಷ್ಟು ಪೇರಿಸಿಟ್ಟರೂ ಹಾಗೆ ಸಿಕ್ಕಿಕೊಳ್ಳುವುದಿಲ್ಲ. ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ಕಾರ್ಖಾನೆಗಳ ನೂರೈವತ್ತು ವರ್ಷಗಳ ಇತಿಹಾಸ ನಿಂತಿದೆ ಎಂದು ನನಗೆ ತಿಳಿದದ್ದು ತೀರ ಈಚೆಗೆ. ಅದೂ ನನ್ನ ಕಾಳುಮೆಣಸಿನ ದುಡ್ಡು ಒಂದು ಯಂತ್ರದಲ್ಲಿ ಸಿಕ್ಕಿಕೊಂಡ ಮೇಲೆ.

ಸಿದ್ದಾಪುರದ ನನ್ನ ತವರಿನಲ್ಲಿ ಕೊಯ್ಲು ಶುರುವಾಯಿತೆಂದರೆ ನಡುರಾತ್ರಿಯವರೆಗೆ ಅಡಿಕೆ ಸುಲಿಯುವ ಕೆಲಸ. ಮೆಟ್ಟುಗತ್ತಿಯ ಮುಂದೆ ಕೂತು ಸುಲಿದು ಸುಲಿದು ಅಮ್ಮನ ಬೆರಳುಗಳು ಚೊಗರಿನಿಂದ ಕಪ್ಪಾಗಿರುತ್ತಿದ್ದವು. ಈಗ ಸುಲಿಯುವ ಯಂತ್ರಗಳು ಬಂದಿವೆ. ಅವುಗಳ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪೊಂದನ್ನು ಅಣ್ಣನ ಮಗ ಶಿರಸಿಯಲ್ಲಿ ಇಟ್ಟ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಒಂದು ಪುಟ್ಟ ಸಿಎನ್‌ಸಿ ಯಂತ್ರ ಸೆಕೆಂಡ್ ಹ್ಯಾಂಡ್ ಸಿಗುತ್ತದೆಂದು ಹೇಳಿ ನನ್ನಿಂದಲೂ ಸ್ವಲ್ಪ ಸಾಲ ಪಡೆದ. ಮಾರಿದವರ ಹೆಸರು ಇಲ್ಲಿ ಬೇಡ. ಯಂತ್ರ ಚೆನ್ನಾಗಿಯೇ ಇತ್ತು. ಆದರೆ ಒಂದು ತಿಂಗಳಲ್ಲಿ ಅದರ ಹೋಲ್ಡರ್ ಬಿದ್ದು ನಗ್ಗಿತು. ಬೆಂಗಳೂರಿನ ತನಕ ಹುಡುಕಿದರೂ ಅದರ ಜೋಡಿ ಸಿಗಲಿಲ್ಲ. ಆ ಯಂತ್ರದ ಬಾಯಿ, ಮಾಡಿದವರು ತಮಗೆ ತಾವೇ ಇಟ್ಟುಕೊಂಡ ಅಳತೆಯದು. ವಿದೇಶದಿಂದ ತರಿಸುವಷ್ಟರಲ್ಲಿ ಅಡಿಕೆ ಕೊಯ್ಲೇ ಮುಗಿದಿತ್ತು.

“ಅತ್ತೆ, ಮಷೀನು ಇದ್ದು, ಅದಕ್ಕೆ ಕೈ ಮಾತ್ರ ಇಲ್ಲೆ” ಎಂದು ಅವನು ತಲೆ ತಗ್ಗಿಸಿ ಹೇಳಿದಾಗ, ಬೈಯುವುದಕ್ಕೆ ಮೊದಲು ಈ ‘ಕೈ’ ಎಂದರೇನು ಎಂದು ಕೇಳಿದೆ. ಅಲ್ಲಿಂದ ಶುರುವಾಯಿತು ನನ್ನ ಪಾಠ.

ಯಂತ್ರದಲ್ಲಿ ಗರಗರ ತಿರುಗುವ ದಂಡಕ್ಕೆ ಸ್ಪಿಂಡಲ್ ಎನ್ನುತ್ತಾರೆ. ಅದರ ಬಾಯಿ ಲೋಟದ ಹಾಗೆ ಒಳಗೆ ಹೋದಂತೆ ಕಿರಿದಾಗುತ್ತದೆ. ಬೈರಿಗೆಯನ್ನು ಹಿಡಿದ ಹೋಲ್ಡರ್ ಅಷ್ಟೇ ಓರೆಯಲ್ಲಿ ಕಿರಿದಾಗುತ್ತ ಹೋಗಿ ಅದರೊಳಗೆ ಕೂರಬೇಕು. ಓರೆ ಇದ್ದರೆ ತಾನಾಗಿ ನಟ್ಟನಡುವೆ ಕೂರುತ್ತದೆ. ಎಷ್ಟು ಓರೆ ಇರಬೇಕು ಎಂಬುದೇ ಜಗಳದ ಮೂಲ.

ಅಮೆರಿಕದಲ್ಲಿ 1863ರಲ್ಲಿ ಸುರುಳಿ ಬೈರಿಗೆಗೆ ಪೇಟೆಂಟ್ ಪಡೆದ ಸ್ಟೀಫನ್ ಮೋರ್ಸ್ ಎಂಬಾತನ ಹೆಸರಿನ ಓರೆ ಇಂದಿಗೂ ಬಳಕೆಯಲ್ಲಿದೆ. ಒಂದು ಅಡಿ ಉದ್ದಕ್ಕೆ ಸುಮಾರು ಐದು-ಎಂಟಾಂಶ ಇಂಚಿನಷ್ಟು ಮಾತ್ರ ದಪ್ಪ ಇಳಿಯುವ ಓರೆ ಅದು. ನಮ್ಮ ಸ್ಟೀಲ್ ಲೋಟದಂತೆ, ಒತ್ತಿದರೆ ತಾನೇ ಬಿಗಿಯಾಗುತ್ತದೆ. ತೆಗೆಯಬೇಕಾದರೆ ಬೆಣೆ ಹೊಡೆಯಬೇಕು. ವಿಚಿತ್ರವೆಂದರೆ ಮೋರ್ಸ್ ಓರೆಯ ಬೇರೆಬೇರೆ ನಂಬರುಗಳಲ್ಲೇ ಓರೆ ಒಂದೇ ಸಮ ಇಲ್ಲ. ಅದೇ ದೇಶದ ಬ್ರೌನ್ ಆ್ಯಂಡ್ ಶಾರ್ಪ್ ಕಂಪನಿಯವರದು ಬೇರೆಯೇ ಓರೆ, ಅಡಿಗೆ ಅರ್ಧ ಇಂಚು. ಪ್ರತಿ ಊರಿಗೂ ಅದರದೇ ಕೊಳಗ, ಅದರದೇ ಸೇರು ಇದ್ದ ಕಾಲವನ್ನು ನೆನೆಸಿಕೊಳ್ಳಿ. 1956ರ ಕಾಯಿದೆ ಬಂದು ಕಿಲೋ-ಲೀಟರುಗಳು ಬರುವ ತನಕ ನಮ್ಮಲ್ಲಿಯೂ ಹಾಗೇ ಅಲ್ಲವೇ ಇದ್ದದ್ದು?

1920ರ ದಶಕದ ಕೊನೆಯಲ್ಲಿ ಅಮೆರಿಕದ ಯಂತ್ರ ತಯಾರಕರು ಒಂದು ಒಪ್ಪಂದಕ್ಕೆ ಬಂದರು. 24 ಅಂಗುಲ ಉದ್ದಕ್ಕೆ 7 ಅಂಗುಲ ಇಳಿಯುವ ಓರೆ. ಅಂದರೆ ಅಡಿಗೆ ಮೂರೂವರೆ ಇಂಚು. ಇದು ಲೋಟವಲ್ಲ, ಬಟ್ಟಲು. ತಾನಾಗಿ ಹಿಡಿದುಕೊಳ್ಳುವುದಿಲ್ಲ, ಮೇಲಿನಿಂದ ಎಳೆದು ಹಿಡಿಯಬೇಕು. ಆದರೆ ಬಿಡು ಎಂದ ಕೂಡಲೇ ಬಿಡುತ್ತದೆ. ಬಿಡುವ ಗುಣದ ಬೆಲೆ ಗೊತ್ತಾದದ್ದು ಮೂವತ್ತು ವರ್ಷ ಕಳೆದ ಮೇಲೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಂಕಿಗಳ ಆಜ್ಞೆಯಂತೆ ನಡೆಯುವ ಯಂತ್ರ ಬಂತು. 1958ರಲ್ಲಿ ಮಿಲ್ವಾಕಿಯ ಕಾರ್ನಿ ಆ್ಯಂಡ್ ಟ್ರೆಕರ್ ಕಂಪನಿ ತಾನೇ ಉಪಕರಣ ಬದಲಿಸಿಕೊಳ್ಳುವ ಯಂತ್ರ ಮಾಡಿತು. ಬೆಣೆ ಹೊಡೆದು ಬಿಡಿಸಬೇಕಾದ ಲೋಟದಿಂದ ಇದು ಸಾಧ್ಯವಿರಲಿಲ್ಲ.

ಓರೆ ಒಂದಾದರೂ ಸಂಸಾರ ಒಂದಾಗಲಿಲ್ಲ. ಯಂತ್ರದ ತೋಳು ಹಿಡಿಯುವ ಕಾಲರಿನಲ್ಲಿ ಮತ್ತೆ ಭೇದ. ಕ್ಯಾಟರ್‌ಪಿಲ್ಲರ್ ಕಂಪನಿಯ ಹೆಸರಿನಿಂದ ಅಮೆರಿಕದಲ್ಲಿ ಕ್ಯಾಟ್, ಜಪಾನಿನಲ್ಲಿ ಬಿಟಿ, ಜರ್ಮನಿಯಲ್ಲಿ ಎಸ್‌ಕೆ. ಮೂರರ ಓರೆಯೂ ಒಂದೇ, ಆದರೆ ಒಂದರ ತೋಳಿಗೆ ಇನ್ನೊಂದು ಸಿಗುವುದಿಲ್ಲ. ಒಂದು ಮಜಾ ನೋಡಿ: ಜಪಾನಿನ ಬಿಟಿ 30ರ ಬಾಯಿಯ ಅಗಲ 31.75 ಮಿಲಿಮೀಟರ್, ಬಿಟಿ 40ರದು 44.45. ಇಂಥ ತುಂಡು ಅಂಕಿ ಎಲ್ಲಿಂದ ಬಂತು? ಲೆಕ್ಕ ಹಾಕಿದರೆ ಸರಿಯಾಗಿ ಒಂದೂಕಾಲು ಇಂಚು, ಒಂದೂಮುಕ್ಕಾಲು ಇಂಚು. ಅಮೆರಿಕದ ಇಂಚು ಮಿಲಿಮೀಟರಿನ ಸೀರೆಯುಟ್ಟು ಜಪಾನಿನ ಸೊಸೆಯಾಗಿದೆ.

ಇದೆಲ್ಲ ನಮ್ಮ ನಾಡಿಗೆ ಹೇಗೆ ಬಂತು? ಎಚ್‌ಎಂಟಿ ಎಂದರೆ ನಮಗೆ ಗಡಿಯಾರವೇ ನೆನಪು. ನನ್ನ ಮದುವೆಯಲ್ಲಿ ಕೊಟ್ಟದ್ದೂ ಅದೇ. ಆದರೆ ಅದರ ಹೆಸರಿನಲ್ಲೇ ಇರುವಂತೆ ಅದು ಮೊದಲು ಯಂತ್ರ ಮಾಡುವ ಯಂತ್ರಗಳ ಕಾರ್ಖಾನೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ ಜಾಲಹಳ್ಳಿಯಲ್ಲಿ ಶುರುವಾಯಿತು. ಗಡಿಯಾರ ಬಂದದ್ದು 1961ರಲ್ಲಿ. ಅದೇ ವರ್ಷ ಜರ್ಮನಿಯ ಸಹಯೋಗದಲ್ಲಿ ಭಾರತ್ ಫ್ರಿಟ್ಸ್ ವರ್ನರ್, 1962ರಲ್ಲಿ ಕೇಂದ್ರ ಸರ್ಕಾರದ ಯಂತ್ರೋಪಕರಣ ಸಂಸ್ಥೆ, 1979ರಲ್ಲಿ ಏಸ್ ಡಿಸೈನರ್ಸ್, ಹೀಗೆ ಬೆಂಗಳೂರು ಈ ವಿದ್ಯೆಯ ತವರಾಯಿತು. ಸ್ವಿಸ್, ಜರ್ಮನ್, ಜಪಾನ್ ಎಲ್ಲ ಕಡೆಯ ಪಾಠ ಕಲಿತರೂ ಇಂಥ ಯಂತ್ರಗಳಲ್ಲಿ ನಮ್ಮಲ್ಲಿ ಹೆಚ್ಚು ಬಳಕೆಗೆ ಬಂದದ್ದು ಬಿಟಿ.

ಎರಡನೆಯ ಸಲ ಯಂತ್ರ ಕೊಳ್ಳಲು ಹೊರಟಾಗ ಅವನು ಕಾಗದದ ಮೇಲೆ ಮೂರು ಹೆಸರು ಬರೆದುಕೊಂಡು ನನ್ನ ಮನೆಗೆ ಬಂದ. ಒಂದು ಬಿಟಿ 40. ದಪ್ಪ ಉಕ್ಕನ್ನು ಅಲುಗಾಡದೆ ಕೊರೆಯುತ್ತದೆ. ಆದರೆ ಯಂತ್ರವೂ ದೊಡ್ಡದು, ಬೆಲೆಯೂ ದೊಡ್ಡದು. ಇನ್ನೊಂದು ಜರ್ಮನಿಯ ಎಚ್‌ಎಸ್‌ಕೆ. ಇದು 1990ರ ದಶಕದ ಆರಂಭದಲ್ಲಿ ಬಂದದ್ದು. ಬಹಳ ವೇಗದಲ್ಲಿ ತಿರುಗುವಾಗ ಸ್ಪಿಂಡಲಿನ ಬಾಯಿ ಕೂದಲೆಳೆಗಿಂತ ಕಡಿಮೆ ಹಿಗ್ಗುತ್ತದಂತೆ. ಆಗ ಎಳೆದು ಹಿಡಿದ ಹೋಲ್ಡರ್ ಇನ್ನಷ್ಟು ಒಳಕ್ಕೆ ಜಾರಿ ಅಳತೆ ಕೆಡುತ್ತದೆ. ಎಚ್‌ಎಸ್‌ಕೆಯ ಬುಡ ಗಿಡ್ಡ, ಒಳಗೆ ಪೊಳ್ಳು. ಓರೆಯ ಜೊತೆಗೆ ಲೋಟದ ಅಂಚೂ ಒತ್ತಿ ಕೂರುವುದರಿಂದ ಜಾರುವುದಿಲ್ಲ. ಮೂರರಲ್ಲಿ ಜಾಣ ಅದೇ, ದುಬಾರಿಯೂ ಅದೇ. ಮೂರನೆಯದು ಬಿಟಿ 30. ಹಗುರ, ಬೇಗ ಬದಲಾಗುತ್ತದೆ, ಸಣ್ಣ ತೂತು, ಮರೆ, ಅಲ್ಯೂಮಿನಿಯಮ್ ಕೆಲಸಕ್ಕೆ ಸಾಕು. ದಪ್ಪ ಉಕ್ಕನ್ನು ಒಮ್ಮೆಗೇ ಆಳವಾಗಿ ಕತ್ತರಿಸಹೋದರೆ ನಡುಗುತ್ತದೆ.

“ಯಾವುದು ಒಳ್ಳೆಯದು?” ಎಂದು ಅವನು ಕೇಳಿದ. ನನಗೇನು ಗೊತ್ತು? ನನಗೆ ಗೊತ್ತಿದ್ದ ಒಂದೇ ಪ್ರಶ್ನೆಯನ್ನು ಕೇಳಿದೆ: “ರಾತ್ರಿ ಹೆಪ್ಪು ಇಲ್ಲದೇ ಹೋದರೆ ಯಾರ ಮನೆಯಿಂದ ತರ್ತೆ?”

ಅವನು ನಗಲಿಲ್ಲ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರಕ್ಕೂ ರೈಲಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನು ನಂಬುವಂತಿಲ್ಲ. ಇಲ್ಲಿ ಇರುವವನಿಗೆ ಒಳ್ಳೆಯ ಅಳತೆ ಎಂದರೆ ಎರವಲು ಸಿಗುವ ಅಳತೆ. ಅವನು ಎರಡು ವಾರ ಹುಬ್ಬಳ್ಳಿ, ಬೆಳಗಾವಿಯ ವರ್ಕ್‌ಶಾಪುಗಳನ್ನು ಸುತ್ತಿ ಯಾರ ಹತ್ತಿರ ಏನಿದೆ ಎಂದು ನೋಡಿಕೊಂಡು ಬಂದ. ದೊಡ್ಡವರಲ್ಲಿ ಬಿಟಿ 40, ಸಣ್ಣವರಲ್ಲಿ ಬಿಟಿ 30. ತನ್ನ ಕೆಲಸ ಸಣ್ಣದು, ಬಿಟಿ 30 ಸಾಕು ಎಂದು ನಿರ್ಧರಿಸಿದ. ಅದರಲ್ಲೂ ಒಂದು ಎಚ್ಚರ ಕಲಿತು ಬಂದಿದ್ದ: ಹೋಲ್ಡರಿನ ತಲೆಗೆ ಎಳೆದು ಹಿಡಿಯಲು ಒಂದು ಗುಬುಟು ಹಾಕುತ್ತಾರೆ. ಅದರ ಕೋನ 45 ಡಿಗ್ರಿಯದೂ ಇದೆ, 60ರದೂ ಇದೆ. ನೋಡಲು ಅವಳಿ-ಜವಳಿ. ತಪ್ಪು ಗುಬುಟು ಹಾಕಿದರೆ ಹಿಡಿತ ಸರಿಯಾಗದೆ, ತಿರುಗುವ ಹೋಲ್ಡರ್ ಕಳಚಿ ಬರಬಹುದು. ಅದು ಜೀವದ ಪ್ರಶ್ನೆ. ತನ್ನ ಯಂತ್ರಕ್ಕೆ ಯಾವುದು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾನೆ.

ಅಳತೆಯನ್ನು ಗುಟ್ಟಾಗಿ ಇಟ್ಟುಕೊಂಡವರ ಯಂತ್ರ ಶೆಡ್ಡಿನ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿದೆ. ಅಳತೆಯನ್ನು ಊರಿಗೆಲ್ಲ ಹಂಚಿಕೊಂಡವರ ಯಂತ್ರ ಅದರ ಪಕ್ಕದಲ್ಲೇ ತಿರುಗುತ್ತಿದೆ.

ಹೋದ ಕೊಯ್ಲಿನ ಸಮಯದಲ್ಲಿ ನಾನು ಅಲ್ಲಿದ್ದಾಗ ಯಲ್ಲಾಪುರದ ಕಡೆಯ ಒಬ್ಬ ಹುಡುಗ ಬೈಕಿನಲ್ಲಿ ಬಂದ. ಅವನದೂ ಸಣ್ಣ ಯಂತ್ರ, ಹೋಲ್ಡರ್ ಕೆಟ್ಟಿತ್ತು. ಅಣ್ಣನ ಮಗ ಗೋಡೆಯ ಕಡೆ ಕೈ ತೋರಿಸಿ, ಗುಬುಟಿನ ಕೋನ ಎಷ್ಟು ಎಂದಷ್ಟೇ ಕೇಳಿ, ಒಂದನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಸೋಮವಾರ ಅದು ಎಣ್ಣೆ ಒರೆಸಿಕೊಂಡು ವಾಪಸು ಬಂತು, ಜೊತೆಗೆ ಒಂದು ಬಾಟಲಿ ಜೇನು.

ನನ್ನ ಕಾಳುಮೆಣಸಿನ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ. ಆದರೆ ಬರುತ್ತಿದೆ.