ಐದು ರೂಪಾಯಿಯ ಯಶಸ್ವಿನಿಯೂ ಮುಗಿಯದ ವಾದವೂ

ಬಿನ್ ಮಹಮೂದ್‌ನಲ್ಲಿ ಸದಸ್ಯರೊಬ್ಬರ ಮನೆಯಲ್ಲಿ ಶುಕ್ರವಾರದ ಊಟಕ್ಕೆ ಸೇರಿದಾಗ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಊರಿನಲ್ಲಿರುವ ತಂದೆ ತಾಯಿಯರ ಆರೋಗ್ಯಕ್ಕೆ ಬಂದು ನಿಲ್ಲುತ್ತದೆ. ವೈದ್ಯರಾದ ನಮ್ಮ ಕೈಗೆ ಮೊದಲು ಪರೀಕ್ಷಾ ವರದಿಗಳು ಬರುತ್ತವೆ, ಅವುಗಳ ಬೆನ್ನಿಗೇ ವೆಚ್ಚದ ಪ್ರಶ್ನೆ ಬರುತ್ತದೆ. ಚಿಕಿತ್ಸೆಯನ್ನು ಸರ್ಕಾರವೇ ಉಚಿತವಾಗಿ ಕೊಡಬೇಕೆಂದು ಕೆಲವರು ಹೇಳಿದರೆ, ಅದು ತೆರಿಗೆದಾರರ ಹಣದ ಪೋಲೆಂದು ಮತ್ತೆ ಕೆಲವರು ಹೇಳುತ್ತಾರೆ. ಈ ವಾದಕ್ಕೆ ನಮ್ಮ ನಾಡಿನಲ್ಲಿ ದೀರ್ಘ ಇತಿಹಾಸವಿದೆ.

ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗಲೇ, 1962ರಲ್ಲಿ, ಆರೋಗ್ಯ ಕರದ ಕಾಯ್ದೆ ಜಾರಿಗೆ ಬಂದಿತು. ಬೆಂಗಳೂರಿನಲ್ಲಿ ಮನೆಯುಳ್ಳವರು ತಮ್ಮ ಆಸ್ತಿ ತೆರಿಗೆಯ ಲೆಕ್ಕವನ್ನು ಗಮನಿಸಿದರೆ, ಗ್ರಂಥಾಲಯ ಕರ ಹಾಗೂ ಭಿಕ್ಷುಕರ ಕರಗಳ ಜೊತೆಗೆ ಆರೋಗ್ಯ ಕರವೂ ಸೇರಿರುವುದನ್ನು ಕಾಣಬಹುದು. ಇಲ್ಲಿ ಆದಾಯ ತೆರಿಗೆ ಕಟ್ಟದ ನಾವೂ ಅಲ್ಲಿನ ಆರೋಗ್ಯ ವ್ಯವಸ್ಥೆಗೆ ತಿಳಿಯದೆಯೇ ಪಾಲು ಸಲ್ಲಿಸುತ್ತಿದ್ದೇವೆ.

ಈ ಇತಿಹಾಸದ ಮುಖ್ಯ ಅಧ್ಯಾಯ ಯಶಸ್ವಿನಿ. ಡಾ. ದೇವಿ ಶೆಟ್ಟಿಯವರ ಚಿಂತನೆಯಿಂದ ಮೂಡಿದ ಈ ಯೋಜನೆ, ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, 2003ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿತು. ಸಹಕಾರ ಸಂಘಗಳ ಸದಸ್ಯರಾದ ರೈತರು ತಲಾ ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60 ರೂಪಾಯಿ ವಂತಿಗೆ ಕೊಟ್ಟರೆ, ಹೃದಯದ ಶಸ್ತ್ರಚಿಕಿತ್ಸೆಯೂ ಸೇರಿದಂತೆ ನೂರಾರು ಶಸ್ತ್ರಚಿಕಿತ್ಸೆಗಳು ನಗದುರಹಿತವಾಗಿ ದೊರೆಯುತ್ತಿದ್ದವು. ಮೊದಲ ವರ್ಷವೇ ಸುಮಾರು 16 ಲಕ್ಷ ಜನರು ಸೇರಿದರು. ಹಾಲಿನ ಡೇರಿಯೂ ಸೊಸೈಟಿಯೂ ಇದ್ದ ಹಳ್ಳಿಗಳಲ್ಲಿ ವಂತಿಗೆ ಸಂಗ್ರಹಕ್ಕೆ ಪ್ರತ್ಯೇಕ ಕಚೇರಿಯ ಅಗತ್ಯವೇ ಬೀಳಲಿಲ್ಲ.

ಆದರೆ ಮೂರನೆಯ ವರ್ಷ ವಂತಿಗೆ 120 ರೂಪಾಯಿಗೆ ಏರಿತು. ಸುಮಾರು 20 ಲಕ್ಷಕ್ಕೆ ಮುಟ್ಟಿದ್ದ ಸದಸ್ಯತ್ವ 15 ಲಕ್ಷದ ಸಮೀಪಕ್ಕೆ ಇಳಿಯಿತು. ವಂತಿಗೆ ಕಡಿಮೆಯಾದರೆ ನಿಧಿ ಸಾಲದು, ಹೆಚ್ಚಿಸಿದರೆ ಬಡವರು ದೂರ ಸರಿಯುತ್ತಾರೆ. ನಡುವಿನ ಅಂತರವನ್ನು ತೆರಿಗೆಯ ಹಣವೇ ತುಂಬಬೇಕು. ಎಷ್ಟು ತುಂಬಬೇಕೆಂಬಲ್ಲಿಯೇ ರಾಜಕೀಯ ಆರಂಭವಾಗುತ್ತದೆ.

2017ರಲ್ಲಿ ವಾದ ಬೀದಿಗೆ ಬಂದಿತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಆಗಿನ ಆರೋಗ್ಯ ಸಚಿವ ಕೆ. ಆರ್. ರಮೇಶ್ ಕುಮಾರ್ ಅವರು ತಂದ ತಿದ್ದುಪಡಿಯಲ್ಲಿ ದರ ನಿಗದಿ, ದೂರು ಸಮಿತಿ ಮತ್ತು ಜೈಲು ಶಿಕ್ಷೆಯ ಪ್ರಸ್ತಾಪಗಳಿದ್ದವು. ಸರ್ಕಾರಿ ಆಸ್ಪತ್ರೆಗಳನ್ನು ಹೊರಗಿಟ್ಟು ತಮ್ಮನ್ನು ಮಾತ್ರ ನಿಯಂತ್ರಿಸುವುದು ಅನ್ಯಾಯವೆಂದು ಖಾಸಗಿ ವೈದ್ಯರು ನವೆಂಬರ್‌ನಲ್ಲಿ ಮುಷ್ಕರ ಹೂಡಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೊಡನೆ ಮಾತುಕತೆಯಾದ ಬಳಿಕ ಮಸೂದೆ ಸಡಿಲಗೊಂಡು ಅಂಗೀಕಾರವಾಯಿತು. ಆ ವಾರ ಸದಸ್ಯರೊಬ್ಬರು ತಮ್ಮ ತಂದೆಗೆ ಡಯಾಲಿಸಿಸ್ ಎಲ್ಲಿ ದೊರೆಯಬಹುದೆಂದು ನಮಗೆ ಕರೆ ಮಾಡಿ ಕೇಳಿದರು. ವೃತ್ತಿಬಾಂಧವರ ವಾದ ನ್ಯಾಯವಾದುದೆಂದೇ ನಂಬಿದ್ದ ನಮ್ಮಲ್ಲಿ ಅವರಿಗೆ ಕೊಡಲು ಉತ್ತರವಿರಲಿಲ್ಲ. ಅಂದಿನಿಂದ ಈ ವಿಷಯದಲ್ಲಿ ನಮ್ಮ ದನಿ ತಗ್ಗಿದೆ.

2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂದಿತು. ಯಶಸ್ವಿನಿಯು ಅದರಲ್ಲಿ ವಿಲೀನಗೊಂಡಿತು. ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಆರಂಭವಾಗಿ, ಅಕ್ಟೋಬರ್ ಅಂತ್ಯಕ್ಕೆ ಎರಡೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ದೊರೆಯಿತು. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ. 30ರಷ್ಟನ್ನು ಸರ್ಕಾರ ಭರಿಸುವುದೆಂದಾಯಿತು. ಕೇಂದ್ರ ಮತ್ತು ರಾಜ್ಯಗಳ ಪಾಲು 60:40. ಆದರೆ ಕೇಂದ್ರದ ಪಾಲು 2011ರ ಗಣತಿಯ ಪಟ್ಟಿಯಲ್ಲಿರುವ ಕುಟುಂಬಗಳಿಗಷ್ಟೇ ಸೀಮಿತ. ರಾಜ್ಯದ ಪಡಿತರ ಚೀಟಿಯವರು ಅದಕ್ಕಿಂತ ಹೆಚ್ಚು. ಉಳಿದವರ ಭಾರ ಯಾರದೆಂಬ ತಕರಾರು ಪಕ್ಷಗಳ ಬಾಯಲ್ಲಿ ಇಂದಿಗೂ ಉಳಿದಿದೆ.

ಇತ್ತ ಸಹಕಾರಿಗಳ ಒತ್ತಾಯಕ್ಕೆ ಮಣಿದು, ಬಸವರಾಜ ಬೊಮ್ಮಾಯಿ ಅವರು 2022ರ ಬಜೆಟ್‌ನಲ್ಲಿ 300 ಕೋಟಿ ರೂಪಾಯಿಯೊಡನೆ ಯಶಸ್ವಿನಿಯ ಮರುಜಾರಿಯನ್ನು ಘೋಷಿಸಿದರು. ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ 500 ರೂಪಾಯಿ ವಂತಿಗೆ ನಿಗದಿಯಾಯಿತು. ಕಾಂಗ್ರೆಸ್ ಕಾಲದಲ್ಲಿ ಹುಟ್ಟಿದ ಯೋಜನೆಯನ್ನು ಬಿಜೆಪಿ ಸರ್ಕಾರ ಮರಳಿ ತಂದಿತು. ಜನರು ತಮ್ಮದೆಂದು ಭಾವಿಸಿದ ಯೋಜನೆಯನ್ನು ಯಾವ ಪಕ್ಷವೂ ಬಹುಕಾಲ ದೂರವಿಡಲಾರದು.

ತೆರಿಗೆಯ ಪ್ರಶ್ನೆ ಇತ್ತೀಚೆಗೂ ಎದ್ದಿತು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಯಿತು. ತಂದೆ ತಾಯಿಯರಿಗೆ ಪಾಲಿಸಿ ಕೊಳ್ಳುವ ನಮ್ಮಂಥವರಿಗೆ ಹರ್ಷವಾಯಿತು. ಅದೇ ವೇಳೆ, ಒಟ್ಟಾರೆ ದರ ಕಡಿತದಿಂದಾಗುವ ಆದಾಯದ ಕೊರತೆಯನ್ನು ತುಂಬಿಕೊಡಿರೆಂದು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಕೇಳಿದವು. ನಮಗೆ ಉಳಿದ ಹಣ, ವಿಮೆ ಕೊಳ್ಳಲಾರದವರ ತಾಲ್ಲೂಕು ಆಸ್ಪತ್ರೆಗೆ ಸೇರಬಹುದಾಗಿದ್ದ ಹಣವೂ ಹೌದು.

ಕತಾರ್‌ಗೂ ಈ ಪ್ರಶ್ನೆ ಹೊಸದಲ್ಲ. ಇಲ್ಲಿ 2013ರಲ್ಲಿ ಆರಂಭವಾದ ಸೇಹಾ ವಿಮಾ ಯೋಜನೆ 2015ರ ಅಂತ್ಯಕ್ಕೆ ನಿಂತಿತು. ತೈಲದ ಸಂಪತ್ತುಳ್ಳ ದೇಶಕ್ಕೂ ಚಿಕಿತ್ಸೆಯ ಲೆಕ್ಕ ಸುಲಭವಲ್ಲ.

ಆದುದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಹಿರಿಯರ ಆಯುಷ್ಮಾನ್ ಕಾರ್ಡ್ ಆಗಿದೆಯೇ, ಸೊಸೈಟಿಯ ಸದಸ್ಯತ್ವವಿದ್ದರೆ ಯಶಸ್ವಿನಿಗೆ ನೋಂದಣಿಯಾಗಿದೆಯೇ ಎಂದು ವಿಚಾರಿಸಿರಿ. ವಾದವನ್ನು ಶುಕ್ರವಾರದ ಊಟದ ನಂತರ ಮುಂದುವರಿಸೋಣ.