ಪ್ರದರ್ಶನ ಮತ್ತು ಅಭ್ಯಾಸ

ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಯೋಗದ ಪುಸ್ತಕಗಳಿಗೆ ಬರವಿಲ್ಲ. ಸಂಶೋಧನೆಗೆಂದು ಅಲ್ಲಿ ತಡಕಾಡುವ ನಾನೂ ಒಮ್ಮೆ ಒಂದನ್ನು ಕೊಂಡು ತಂದೆ. ಮೊದಲ ದಿನವೇ ಒಂದೂವರೆ ಗಂಟೆ ಆಸನ ಹಾಕಿದೆ; ಎರಡನೇ ವಾರಕ್ಕೆ ಬಿಟ್ಟೆ. ಎಡವಿದ್ದೆಲ್ಲಿ ಎಂದು ಹೊಳೆದದ್ದು ಮೈಸೂರಿನ ಯೋಗಶಾಲೆಯ ಚರಿತ್ರೆ ಓದುವಾಗ.

ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಯೋಗದ ಕಡೆಗೆ ಜನರನ್ನು ಸೆಳೆಯಲು ಸಭೆಗಳಲ್ಲಿ ಪ್ರದರ್ಶನಗಳು ಬೇಕಾಗಿದ್ದವು. ಶಿಷ್ಯರಲ್ಲೊಬ್ಬ ಕೋಲಾರ ಸೀಮೆಯ ಬೆಳ್ಳೂರಿನ ಹುಡುಗ, ಬಾಲ್ಯದಲ್ಲೇ ಟೈಫಾಯಿಡ್, ಕ್ಷಯಗಳಿಂದ ಬಳಲಿದವನು. ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಹೆಸರಾದ ಅವರು, ಅಂಥದೊಂದು ಪ್ರದರ್ಶನದಲ್ಲಿ ಅಭ್ಯಾಸವಿಲ್ಲದ ಹನುಮಾನಾಸನ ಹಾಕಿ ತೊಡೆಯ ಸ್ನಾಯು ಹರಿದುಕೊಂಡದ್ದನ್ನು ತಾವೇ ಹೇಳಿಕೊಂಡಿದ್ದಾರೆ.

ಅದೇ ಗುರುವಿನ ಪುಸ್ತಕಗಳು ತೋರಿಸುವ ದಾರಿ ಬೇರೆ. ‘ಯೋಗ ಮಕರಂದ’ (1934), ‘ಯೋಗಾಸನಗಳು’ (1941) ಎರಡೂ ಮೊದಲು ಕನ್ನಡದಲ್ಲೇ ಬಂದವು. ಎರಡನೆಯದರಲ್ಲಿ ಆಸನಗಳ ಪಟ್ಟಿಯೇ ಇದೆ: ಆರಂಭದವರಿಗೆ, ನಡುಹಂತದವರಿಗೆ, ಪಳಗಿದವರಿಗೆ ಎಂದು ಮೂರು ಹಂತ. ಸಭೆ ನೋಡುವುದು ಕೊನೆಯ ಭಂಗಿಯನ್ನು. ಪಟ್ಟಿ ತೋರಿಸುವುದು ಅಲ್ಲಿಗೆ ಹತ್ತುವ ಮೆಟ್ಟಿಲುಗಳನ್ನು.

1937ರಲ್ಲಿ ಪುಣೆಗೆ ಹೋದ ಅಯ್ಯಂಗಾರರು 1966ರಲ್ಲಿ ‘ಲೈಟ್ ಆನ್ ಯೋಗ’ ಪ್ರಕಟಿಸಿದಾಗ ಆ ಮೆಟ್ಟಿಲುಗಳನ್ನು ಇನ್ನಷ್ಟು ಸಣ್ಣದಾಗಿ ಕಡಿದರು. ಅದರ ಕೊನೆಯಲ್ಲಿ ವಾರವಾರದ ಪಾಠಕ್ರಮವಿದೆ. ಅದು ಮುಗಿಯುವುದು 300ನೇ ವಾರಕ್ಕೆ, ಅಂದರೆ ಹೆಚ್ಚುಕಡಿಮೆ ಆರು ವರ್ಷಕ್ಕೆ. ಮೊದಲ ಪಾಠ ಸುಮ್ಮನೆ ನೆಟ್ಟಗೆ ನಿಲ್ಲುವ ತಾಡಾಸನದಿಂದ ಶುರುವಾಗಿ ಶವಾಸನದಲ್ಲಿ ಮುಗಿಯುತ್ತದೆ. ಆತುರದ ಬೆಲೆ ತೆತ್ತ ದೇಹವೇ ಹಾಕಿಕೊಟ್ಟ ಲೆಕ್ಕವಿದು ಎಂದು ನನಗನ್ನಿಸುತ್ತದೆ.

ಪತಂಜಲಿ ಇದನ್ನು ಎಂದೋ ಹೇಳಿದ್ದಾನೆ: ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದ್ದು ಮಾತ್ರ ನೆಲೆಯಾಗುತ್ತದೆ. ಆದರೆ ಅವನು ಮನಸ್ಸನ್ನು ನಿಲ್ಲಿಸುವ ಬಗೆ ಹೇಳುವಾಗ ಅಭ್ಯಾಸದ ಜೊತೆಗೇ ವೈರಾಗ್ಯವನ್ನೂ ಇಟ್ಟ. ಹಿಡಿಯುವುದರ ಜೊತೆಗೆ ಬಿಡುವುದೂ ಬೇಕು. ಆ ಎರಡು ವಾರ ನನಗೆ ಬೇಕಿದ್ದದ್ದು ಫಲ ಮಾತ್ರ. ನೋಡುವ ಸಭೆಯೂ ನಾನೇ ಆಗಿದ್ದೆ.

ಈಗ ದಿನಕ್ಕೆ ಇಪ್ಪತ್ತು ನಿಮಿಷ: ನಾಲ್ಕು ಆಸನ, ಕೊನೆಗೆ ಕಣ್ಣು ಮುಚ್ಚಿ ಉಸಿರು ಗಮನಿಸುತ್ತಾ ಒಂದಿಷ್ಟು ಹೊತ್ತು. ತಪ್ಪಿದ ದಿನಕ್ಕೆ ಮರುದಿನ ದಂಡ ಕಟ್ಟುವುದಿಲ್ಲ. ತಾಡಾಸನದಿಂದಲೇ ಮತ್ತೆ ಶುರು.