ಧ್ವನಿಮುದ್ರಣಗಳ ಜೋಡಣೆ: ದೊಡ್ಡಬಳ್ಳಾಪುರದ ಶಾಸನಗಳಿಂದ ಹುಟ್ಟಿದ ಒಂದು ವಿಚಾರ

ದೊಡ್ಡಬಳ್ಳಾಪುರ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಅಚ್ಚಾದುವು. ಇತಿಹಾಸದ ವಿದ್ಯಾರ್ಥಿಗಳು ಈ ಗ್ರಂಥವನ್ನು ಅರಸರ ಹೆಸರಿಗಾಗಿಯೂ ಕಾಲನಿರ್ಣಯಕ್ಕಾಗಿಯೂ ತೆರೆಯುವುದು ವಾಡಿಕೆ. ಅದರ ಜೋಡಣೆಯ ಕ್ರಮವನ್ನು ನಿಂತು ನೋಡುವವರು ವಿರಳ. ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನ ಕೆಳಗೆ ಒಂದು ಸಂಖ್ಯೆಯಿದೆ. ಆ ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಬಳಿ ಅಥವಾ ಯಾವ ಹೊಲದಲ್ಲಿ ಇದೆಯೆಂಬ ಸೂಚನೆಯಿದೆ. ಕನ್ನಡ ಲಿಪಿಯ ಪಾಠ ಒಂದು ಭಾಗದಲ್ಲಿ, ರೋಮನ್ ಲಿಪಿಯ ಪಾಠ ಇನ್ನೊಂದರಲ್ಲಿ, ಇಂಗ್ಲಿಷ್ ಅನುವಾದ ಮತ್ತೊಂದರಲ್ಲಿ. ಮೂರನ್ನೂ ಒಂದೇ ಸಂಖ್ಯೆ ಬಿಗಿದು ಹಿಡಿದಿದೆ. ಅನುವಾದದಲ್ಲಿ ಸಂದೇಹ ಬಂದವನು ಪಾಠಕ್ಕೆ ಹಿಂದಿರುಗಬಹುದು. ಪಾಠವೇ ಸಂದಿಗ್ಧವಾದರೆ ಊರಿಗೆ ಹೋಗಿ ಕಲ್ಲನ್ನೇ ಹುಡುಕಬಹುದು. ಆ ಸಂಪುಟ ಹೊರಬಂದ ಮೇಲೆ ಜಿಲ್ಲೆಯ ಎಲ್ಲೆಗಳೇ ಬದಲಾದುವು: 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ಬೇರೆಯಾಯಿತು, 2007ರಲ್ಲಿ ಮಾಗಡಿ, ಚನ್ನಪಟ್ಟಣ, ಕನಕಪುರಗಳು ರಾಮನಗರ ಜಿಲ್ಲೆಗೆ ಹೋದುವು. ಆದರೂ 1905ರ ಸಂಖ್ಯೆಯನ್ನು ಹಿಡಿದು ಹೊರಟವನಿಗೆ ಪಾಠ ಇಂದಿಗೂ ಕೈಗೆ ಸಿಕ್ಕುತ್ತದೆ.

ಈ ಕ್ರಮವನ್ನು ಇಲ್ಲಿ ನೆನೆಯುವುದಕ್ಕೆ ಕಾರಣವುಂಟು. ಇಂದು ಒಂದು ಕೋಣೆ, ಒಂದು ಮೈಕು, ಒಂದು ಕಂಪ್ಯೂಟರು ಇದ್ದರೆ ಮನೆಯೇ ಧ್ವನಿಮುದ್ರಣಶಾಲೆಯಾಗುತ್ತದೆ. ಸೋಬಾನೆ ಪದ, ತತ್ತ್ವಪದ, ಹರಿಕಥೆ, ಪೌರಾಣಿಕ ನಾಟಕದ ಕಂದಪದ್ಯ ಇವೆಲ್ಲ ಈಗ ವಿಶ್ವವಿದ್ಯಾನಿಲಯದ ಸಂಗ್ರಾಹಕನನ್ನು ಕಾಯದೆ ಇಂಥ ಕೋಣೆಗಳಲ್ಲಿಯೇ ದಾಖಲಾಗಬಲ್ಲವು. ಅವುಗಳ ಫೈಲುಗಳನ್ನೂ ಫೋಲ್ಡರುಗಳನ್ನೂ ಹೇಗೆ ಜೋಡಿಸಬೇಕೆಂಬುದು ಮುದ್ರಿಸುವವನಿಗೆ ಬರಿಯ ಅನುಕೂಲದ ಪ್ರಶ್ನೆಯಾಗಿ ತೋರಬಹುದು. ಇತಿಹಾಸದ ದೃಷ್ಟಿಯಿಂದ ಅದು ಆಧಾರ ಉಳಿಯುವುದೋ ಅಳಿಯುವುದೋ ಎಂಬ ಪ್ರಶ್ನೆ. ಕಲ್ಲಾದರೋ ಅನೇಕ ವೇಳೆ ತನ್ನ ಅರಸನನ್ನೂ ಸಂವತ್ಸರವನ್ನೂ ತಾನೇ ಹೇಳಿಕೊಳ್ಳುತ್ತದೆ. ಹಾಡಿಗೆ ಆ ಸೌಕರ್ಯವಿಲ್ಲ. ಯಾರು, ಎಲ್ಲಿ, ಯಾವಾಗ ಹಾಡಿದರೆಂಬುದು ಸ್ವರದಲ್ಲಿ ಬರೆದಿರುವುದಿಲ್ಲ.

ಈ ತೊಡಕು ನಮ್ಮ ದೇಶದಲ್ಲಿ ಗ್ರಾಮಫೋನಿನೊಡನೆಯೇ ಬಂದಿತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾನವನ್ನು ಮುದ್ರಿಸಿಕೊಂಡನು. ಮೇಣದ ತಟ್ಟೆಗಳು ಅಚ್ಚಾಗುವುದಕ್ಕೆ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಾಗಿದ್ದಿತು. ಆ ಗಾಯಕಿ ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಹೇಳಿ ಮುಗಿಸುತ್ತಿದ್ದುದು ಪ್ರಸಿದ್ಧವಾಗಿದೆ. ಅದನ್ನು ರಸಿಕರು ಠೀವಿಯೆಂದು ಭಾವಿಸಿದರೂ, ನಮ್ಮ ಭಾಷೆಗಳನ್ನರಿಯದ ಹ್ಯಾನೋವರಿನ ಕೆಲಸಗಾರರು ಚೀಟಿಯನ್ನು ಸರಿಯಾಗಿ ಅಂಟಿಸಲೆಂದು ಮಾಡಿದ ಏರ್ಪಾಡು ಅದೆಂದು ಗ್ರಾಮಫೋನಿನ ಚರಿತ್ರಕಾರರು ವಿವರಿಸುತ್ತಾರೆ. ಇದರ ಜೊತೆಗೆ ತಟ್ಟೆಯ ಮೈಮೇಲೆಯೇ ಮುದ್ರಣದ ಕ್ರಮಸಂಖ್ಯೆಯನ್ನು ಕೊರೆಯುತ್ತಿದ್ದರು; ಚೀಟಿ ಹರಿದುಹೋದರೂ ಸಂಖ್ಯೆ ಉಳಿಯುತ್ತಿತ್ತು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನದ ಆಶ್ರಯದಲ್ಲಿ ಕಳೆದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ತಟ್ಟೆಗಳನ್ನು ನಾವು ಇಂದು ಗುರುತಿಸಬಲ್ಲೆವಾದರೆ ಅದಕ್ಕೆ ಕಂಠದ ವೈಶಿಷ್ಟ್ಯವೊಂದೇ ಕಾರಣವಲ್ಲ.

ಮನೆಯಿಂದಲೇ ಧ್ವನಿಯನ್ನು ಹೊರಗೆ ಕಳುಹಿಸುವ ಸಾಹಸವೂ ಕನ್ನಡ ನಾಡಿಗೆ ಹೊಸದಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಕಾಂತಸುರುಳಿಯ ಮೇಲೆ ಧ್ವನಿಯನ್ನು ಹಿಡಿಯುವ ‘ಮ್ಯಾಗ್ನೆಟೊಫೋನ್’ ಯಂತ್ರ ಬರ್ಲಿನ್ನಿನ ಪ್ರದರ್ಶನದಲ್ಲಿ ಕಾಣಿಸಿಕೊಂಡುದು ಅದೇ ವರ್ಷದ ಆಗಸ್ಟಿನಲ್ಲಿ. ಎರಡು ಘಟನೆಗಳಿಗೂ ಸಂಬಂಧವಿಲ್ಲ. ಆದರೆ ಆ ಸುರುಳಿ ನಮ್ಮ ಬಾನುಲಿ ಕೇಂದ್ರಗಳಿಗೆ ಬರುವ ಮೊದಲು ಆಡಿದ ಮಾತು ಬಹುಮಟ್ಟಿಗೆ ಗಾಳಿಯಲ್ಲಿಯೇ ಕರಗಿತು.

ಸುರುಳಿ ಬಂದ ಮೇಲೆ ತೊಡಕು ಬೇರೊಂದು ರೂಪ ತಾಳಿತು. ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ 1200 ಅಡಿಯ ಸುರುಳಿ ಸುಮಾರು 32 ನಿಮಿಷ ಓಡುತ್ತದೆ. ವಿವರಗಳೆಲ್ಲ ಅದರ ಪೆಟ್ಟಿಗೆಯ ಮೇಲೆ. ಪೆಟ್ಟಿಗೆ ಅದಲುಬದಲಾದರೆ ಒಂದೂರಿನ ಹಾಡು ಇನ್ನೊಂದೂರಿನದಾಗುತ್ತದೆ. 1963ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್ಟು ಬಂದು ಧ್ವನಿಮುದ್ರಣ ಮನೆಮನೆಗೂ ಎಟುಕುವಂತಾಯಿತು. ಹಳೆಯದರ ಮೇಲೆ ಹೊಸದನ್ನು ಮುದ್ರಿಸುವ ಅಭ್ಯಾಸವೂ ಅದರೊಡನೆ ಬಂದಿತು.

ಕಂಪ್ಯೂಟರಿನ ಫೈಲಿಗೆ ಪೆಟ್ಟಿಗೆಯೂ ಇಲ್ಲ, ಕೊರೆದ ಸಂಖ್ಯೆಯೂ ಇಲ್ಲ. ಹೆಸರೊಂದೇ ಅದರ ಗುರುತು. ಆ ಹೆಸರನ್ನಾದರೂ ಯಾರು ಬೇಕಾದರೂ ಕ್ಷಣದಲ್ಲಿ ಬದಲಾಯಿಸಬಹುದು. ‘ಹೊಸದು’, ‘ಹೊಸದು ಎರಡು’, ‘ಕೊನೆಯದು’, ‘ನಿಜವಾದ ಕೊನೆಯದು’ ಎಂಬಂಥ ಹೆಸರುಗಳು ಇಟ್ಟವನಿಗೇ ಆರು ತಿಂಗಳಾದ ಮೇಲೆ ಅರ್ಥವಾಗುವುದಿಲ್ಲ. ರೋಮನ್ ಅಕ್ಷರಗಳಲ್ಲಿ ಬರೆಯುವಾಗ ಊರಿನ ಹೆಸರೂ ನಿಲ್ಲುವುದಿಲ್ಲ. ರೈಸರ ಸಂಪುಟದಲ್ಲಿಯೂ ರೈಲ್ವೆ ಫಲಕದಲ್ಲಿಯೂ ‘ದೊಡ್‌ಬಳ್ಳಾಪುರ್’, ಬೇರೆಡೆ ‘ದೊಡ್ಡಬಳ್ಳಾಪುರ್’, ಮತ್ತೊಂದೆಡೆ ಕೊನೆಯ ಅಕಾರ ಸೇರಿದ ‘ದೊಡ್ಡಬಳ್ಳಾಪುರ’. ಒಂದನ್ನು ಹುಡುಕಿದರೆ ಉಳಿದವು ಸಿಕ್ಕವು. ಆದ್ದರಿಂದ ಒಂದು ವರ್ಣಕ್ರಮವನ್ನು ಗೊತ್ತುಮಾಡಿ ಅದನ್ನೇ ಪಾಲಿಸಬೇಕು. ತೇದಿಯನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ತಿಂಗಳಿಗೂ ದಿನಕ್ಕೂ ಎರಡೆರಡು ಅಂಕಿಗಳಂತೆ ಮೊದಲಿಗೆ ಬರೆದರೆ ಯಂತ್ರ ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ದಿನವನ್ನು ಮೊದಲು ಬರೆಯುವ ನಮ್ಮ ರೂಢಿಯಿಂದ ಎಲ್ಲ ವರ್ಷಗಳ ಒಂದನೆಯ ತಾರೀಖುಗಳು ಒಂದೆಡೆ ಗುಂಪುಗೂಡುತ್ತವೆ.

ಇನ್ನೂ ಗಹನವಾದ ಅಪಾಯವೊಂದಿದೆ. ಹಲವು ಸಾಲುಗಳ ಧ್ವನಿಯನ್ನು ಕೂಡಿಸುವ ತಂತ್ರಾಂಶದ ‘ಪ್ರಾಜೆಕ್ಟ್’ ಫೈಲಿನಲ್ಲಿ ಸಾಮಾನ್ಯವಾಗಿ ಧ್ವನಿ ಇರುವುದಿಲ್ಲ. ಯಾವ ಧ್ವನಿ ಎಲ್ಲಿದೆ, ಎಲ್ಲಿ ಆರಂಭವಾಗಬೇಕು ಎಂಬ ನಿರ್ದೇಶ ಮಾತ್ರ ಇರುತ್ತದೆ. ನೇಕಾರರ ಊರಾದ ದೊಡ್ಡಬಳ್ಳಾಪುರದಲ್ಲಿ ಇದನ್ನು ವಿವರಿಸುವುದು ಸುಲಭ. ಜಕಾರ್ಡ್ ಮಗ್ಗದ ಮೇಲೆ ತೂಗುವ ರಂಧ್ರ ಕೊರೆದ ರಟ್ಟುಗಳಲ್ಲಿ ರೇಷ್ಮೆಯ ಎಳೆಯೊಂದೂ ಇಲ್ಲ. ಯಾವ ಎಳೆ ಯಾವಾಗ ಏಳಬೇಕೆಂಬ ಆಜ್ಞೆ ಮಾತ್ರ ಇದೆ. ರಟ್ಟಿನ ಸರಣಿ ತಪ್ಪಿದರೆ ಸೀರೆಯ ಅಂಚು ಕೆಡುತ್ತದೆ. ರಟ್ಟು ಸರಿಯಿದ್ದು ನೂಲೇ ಇಲ್ಲದಿದ್ದರೆ ಬಟ್ಟೆಯೇ ಇಲ್ಲ. ಮೂಲಧ್ವನಿಯ ಫೈಲುಗಳನ್ನು ಬೇರೆ ಫೋಲ್ಡರಿಗೆ ಸರಿಸಿದಾಗ ಆಗುವುದೂ ಇದೇ.

ರೈಸರ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಮುದ್ರಣಕ್ಕೆ ಒಂದು ಸಂಖ್ಯೆ, ಒಂದು ಫೋಲ್ಡರು. ಅದರೊಳಗೆ ಮೂಲಧ್ವನಿ, ತಿದ್ದುವ ಕೆಲಸ, ಸಿದ್ಧರೂಪ ಎಂದು ಮೂರು ಭಾಗಗಳು, ಮೂರಕ್ಕೂ ಅದೇ ಸಂಖ್ಯೆ. ಹಾಡಿದವರು, ಊರು, ತೇದಿ, ಸಂದರ್ಭ, ಅನುಮತಿ ಇವನ್ನು ಬರೆದ ಒಂದು ಟಿಪ್ಪಣಿಯೂ ಅಲ್ಲಿಯೇ ಇರತಕ್ಕದ್ದು. ಮೂಲವನ್ನು ಎಂದಿಗೂ ತಿದ್ದಕೂಡದು. 24 ಬಿಟ್, 48 ಕಿಲೋಹರ್ಟ್ಸ್ ಪ್ರಮಾಣದ ಎರಡು ವಾಹಿನಿಗಳ ಧ್ವನಿ ಗಂಟೆಗೆ ಸುಮಾರು ಒಂದು ಗಿಗಾಬೈಟ್ ಸ್ಥಳವನ್ನು ಹಿಡಿಯುತ್ತದೆ. ಸ್ಥಳದ ಅಭಾವವೆಂದು ಮೂಲವನ್ನು ಅಳಿಸುವುದು ಈಗ ಕ್ಷಮ್ಯವಲ್ಲ. ಪ್ರತಿಗಳು ಮೂರಿರಲಿ, ಒಂದು ಬೇರೆ ಕಟ್ಟಡದಲ್ಲಿರಲಿ.

ಯೂರೋಪಿನ ಬಾನುಲಿ ಸಂಸ್ಥೆಗಳ ಒಕ್ಕೂಟ 1997ರಲ್ಲಿ ಧ್ವನಿಯ ಫೈಲಿನೊಳಗೇ ವಿವರಣೆ, ಮುದ್ರಿಸಿದವರು, ತೇದಿ, ವೇಳೆ ಇವನ್ನು ಬರೆದಿಡುವ ಒಂದು ವಿಧಾನವನ್ನು ಪ್ರಕಟಿಸಿತು. ಹ್ಯಾನೋವರಿಗೆ ಹೋದ ತಟ್ಟೆಯ ಉಪಾಯವೇ ಹೊಸ ವೇಷದಲ್ಲಿ ಬಂದಿದೆ. ತಂತ್ರಾಂಶದಲ್ಲಿ ಆ ಸೌಲಭ್ಯವಿಲ್ಲದವರು ಹಾಡು ಮೊದಲಾಗುವ ಮುನ್ನ ಹೆಸರು, ಊರು, ದಿನಗಳನ್ನು ಬಾಯಿಂದಲೇ ಹೇಳಿಸಿ ಮುದ್ರಿಸಿಕೊಳ್ಳಬಹುದು. ಆ ಮಾತನ್ನು ಮೂಲದಿಂದ ಕತ್ತರಿಸದಿದ್ದರೆ ಸಾಕು.

ಮೂಲವನ್ನು ತಿದ್ದಬಾರದೆಂಬ ನಿಯಮಕ್ಕೆ ಈ ಊರಿನಲ್ಲಿ ವಿಶೇಷ ಕಾರಣವೊಂದಿದೆ. ನೇಕಾರರ ಬೀದಿಯ ಮನೆಯಲ್ಲಿ ಮುದ್ರಿಸಿದ ಹಾಡಿನ ಹಿಂದೆ ವಿದ್ಯುತ್ ಮಗ್ಗದ ಲಟಲಟ ಸದ್ದು ಸೇರುವುದು ಸಹಜ. ಸಂಗೀತಕ್ಕಾಗಿ ಅದನ್ನು ಸಿದ್ಧರೂಪದಿಂದ ತೆಗೆಯುವುದು ನ್ಯಾಯವೇ. ಆದರೆ ಯಾವ ವರ್ಷ ಯಾವ ಬೀದಿಯಲ್ಲಿ ಎಷ್ಟು ಹೊತ್ತಿನವರೆಗೆ ಮಗ್ಗಗಳು ನಡೆಯುತ್ತಿದ್ದವೆಂದು ಮುಂದೊಬ್ಬ ಸಂಶೋಧಕನು ಕೇಳಿದಾಗ, ಉತ್ತರ ಸಿಕ್ಕುವುದು ಸಂಖ್ಯೆಯೂ ತೇದಿಯೂ ಇರುವ ಆ ಮೂಲದ ಫೋಲ್ಡರಿನಲ್ಲಿಯೇ.